ನಿಮ್ಮ ಅಮ್ಮನ ಬಿಪಿ ಎಷ್ಟು?

2025ರ ಜೂನ್ ಮುಗಿದು ಜುಲೈ ಕಾಲಿಟ್ಟ ದಿನಗಳು. ಹಾಸನ ಜಿಲ್ಲೆಯಲ್ಲಿ ಒಬ್ಬರ ಹಿಂದೊಬ್ಬರು ಹೃದಯಾಘಾತದಿಂದ ಸಾಯುತ್ತಿದ್ದಾರೆ ಎಂಬ ಸುದ್ದಿ ಟೀವಿಯಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗ್ಗೆ ಬೆಳಗ್ಗೆಯೇ ಜನ ಸಾಲುಗಟ್ಟಿದರು. ಎದೆನೋವು ಇದ್ದವರು, ಇಲ್ಲದವರು, ಹಿಂದಿನ ರಾತ್ರಿ ಖಾರ ತಿಂದು ಎದೆ ಉರಿದವರು, ಸುದ್ದಿ ನೋಡಿ ನಿದ್ದೆಗೆಟ್ಟವರು, ಎಲ್ಲರಿಗೂ ಒಂದು ಇಸಿಜಿ ಆಗಬೇಕಿತ್ತು. ಗಾಬರಿಬಿದ್ದು ಇಲ್ಲಿಗೇ ಓಡಿಬರಬೇಡಿ ಎಂದು ವೈದ್ಯರೇ ಕೇಳಿಕೊಳ್ಳಬೇಕಾಯಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗಲೂ ಹೀಗೇ ಆಗಿತ್ತು. ಕೆಲವು ವಾರ ಸಾಲು, ಆಮೇಲೆ ಯಥಾಪ್ರಕಾರ.

ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಅದೇ ಜುಲೈನಲ್ಲಿ ವರದಿ ಕೊಟ್ಟಿತು. ಹಿಂದಿಗೆ ಹೋಲಿಸಿದರೆ ಹಾಸನದಲ್ಲಿ ಹೃದಯದ ಸಾವುಗಳು ವಿಪರೀತ ಏರಿಲ್ಲ ಎಂದಿತು. ಸತ್ತವರಲ್ಲಿ ಹಲವರಿಗೆ ಇದ್ದದ್ದು ಬಿಪಿ, ಶುಗರ್, ಧೂಮಪಾನ, ಕುಡಿತದಂಥ ಹಳೆಯ ಕಾರಣಗಳೇ. ಜನಕ್ಕೆ ಇದರಿಂದ ಸಮಾಧಾನವಾಗಲಿಲ್ಲ. ಲಸಿಕೆಯೋ, ನೀರೋ, ಗಾಳಿಯೋ, ಯಾವುದೋ ಒಂದು ಗುಟ್ಟು ಬಯಲಾಗಬೇಕು ಎಂದು ಕಾದಿದ್ದವರಿಗೆ ವರದಿ ಸಪ್ಪೆಯೆನಿಸಿತು. ನನಗಾದರೋ ಅದರಷ್ಟು ಭಯಹುಟ್ಟಿಸುವ ಕಾಗದ ಇನ್ನೊಂದಿಲ್ಲ ಅನಿಸಿತು. ಹೊಸದೇನೂ ಆಗಿಲ್ಲ ಎಂದರೆ, ನಾವು ಪ್ರತಿವರ್ಷ ಇಷ್ಟೇ ಜನರನ್ನು ಕಳೆದುಕೊಳ್ಳುತ್ತಿದ್ದೇವೆ, ಟೀವಿ ಮಾತ್ರ ಈ ಸಲ ಎಣಿಸಿತು ಎಂದು ಅರ್ಥ.

ನನ್ನ ತಕರಾರು ಆ ಸಾಲಿನ ಬಗ್ಗೆ. ಇಸಿಜಿ ಎಂಬುದು ಆ ಗಳಿಗೆಯಲ್ಲಿ ಹೃದಯದೊಳಗೆ ಹರಿಯುವ ವಿದ್ಯುತ್ತಿನ ಗೀಟು. ಎದೆನೋವು ಬಂದವರಿಗೆ ಅದು ಪ್ರಾಣ ಉಳಿಸುವ ಪರೀಕ್ಷೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೋವಿಲ್ಲದೆ ನಿಂತ ಮನುಷ್ಯನ ಇಸಿಜಿ ಇವತ್ತು ಚೆನ್ನಾಗಿಯೇ ಬರಬಹುದು, ಅದೇ ಹೊತ್ತಿಗೆ ಅವನ ರಕ್ತದೊತ್ತಡ 170 ಇರಬಹುದು. ಅವನು ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಬದುಕಿದೆ ಎಂದು ಬಸ್ಸು ಹತ್ತುತ್ತಾನೆ. ಮುಂದಿನ ಹತ್ತು ವರ್ಷದಲ್ಲಿ ಅವನಿಗೇನಾಗಬಹುದು ಎಂದು ಸುಳಿವು ಕೊಡುವ ಅಳತೆ ಅವನ ಊರಿನ ಉಪಕೇಂದ್ರದಲ್ಲೇ ಇದೆ. ತೋಳಿಗೆ ಒಂದು ಪಟ್ಟಿ, ಐದು ನಿಮಿಷ, ದುಡ್ಡಿಲ್ಲ. ಆ ಪಟ್ಟಿಗಾಗಿ ಮಾತ್ರ ಯಾವ ಊರಿನಲ್ಲೂ ಸಾಲು ನಿಂತದ್ದನ್ನು ನಾನು ಕಂಡಿಲ್ಲ.

ಬಿಪಿ ಎಂದರೆ ಎರಡು ಅಂಕಿ. ಹೃದಯ ಹಿಂಡಿದಾಗ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ ಮೇಲಿನದು, ಹೃದಯ ಸಡಿಲಾದಾಗ ಉಳಿಯುವ ಒತ್ತಡ ಕೆಳಗಿನದು. 120/80 ಆಸುಪಾಸು ಇದ್ದರೆ ಒಳ್ಳೆಯದು. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಮೇಲೆ ಬಂದರೆ ಅದು ಅಧಿಕ ರಕ್ತದೊತ್ತಡ. ಇದನ್ನು ನಮ್ಮಲ್ಲಿ ಕೋಪದ ಜೊತೆ ತಳುಕುಹಾಕಿಬಿಟ್ಟಿದ್ದೇವೆ. ಸಿಡುಕಿನವರಿಗೆ ಬಿಪಿ, ಶಾಂತಸ್ವಭಾವದವರಿಗೆ ಇರಲಾರದು ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಯಾರ ಮೇಲೂ ದನಿಯೆತ್ತದ ಮೇಷ್ಟ್ರಿಗೆ 180 ಇದೆ ಎಂದರೆ ಊರು ನಂಬುವುದಿಲ್ಲ. ಇನ್ನೊಂದು ನಂಬಿಕೆ ಇದಕ್ಕಿಂತ ಅಪಾಯದ್ದು: ಬಿಪಿ ಏರಿದರೆ ತಲೆ ಸುತ್ತುತ್ತದೆ, ತಲೆ ನೋಯುತ್ತದೆ, ನನಗೆ ಅದ್ಯಾವುದೂ ಇಲ್ಲ, ಆದ್ದರಿಂದ ನನಗೆ ಬಿಪಿ ಇಲ್ಲ. ಬಹುಪಾಲು ಜನರಿಗೆ ಅದು ಏರಿದ್ದು ಗೊತ್ತೇ ಆಗುವುದಿಲ್ಲ. ಗೊತ್ತಾಗದೆಯೇ ಮಿದುಳು, ಹೃದಯ, ಮೂತ್ರಪಿಂಡ, ಕಣ್ಣಿನ ಸಣ್ಣ ನಾಳಗಳನ್ನು ವರ್ಷಗಟ್ಟಲೆ ಸವೆಸುತ್ತದೆ. ಹಾರ್ಟ್ ಅಟ್ಯಾಕ್ ದಿಢೀರನೆ ಬಂತು ಎನ್ನುತ್ತೇವಲ್ಲ, ಎಷ್ಟೋ ಸಲ ಅದು ಹತ್ತಿಪ್ಪತ್ತು ವರ್ಷದಿಂದ ಬರುತ್ತಲೇ ಇತ್ತು.

ಸುಮಾರು ಹತ್ತು ಲಕ್ಷ ಜನರ ವಿವರಗಳನ್ನು ಒಟ್ಟುಹಾಕಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಸವೆತದ ಲೆಕ್ಕ ಕೊಟ್ಟಿತು. ನಲವತ್ತರಿಂದ ಎಪ್ಪತ್ತರೊಳಗಿನವರಲ್ಲಿ ಮೇಲಿನ ಅಂಕಿ 20 ಏರಿದರೆ ಪಾರ್ಶ್ವವಾಯು ಮತ್ತು ಹೃದಯದ ಕಾಯಿಲೆಯಿಂದ ಸಾಯುವ ಸಂಭವ ಇಮ್ಮಡಿಯಾಗುತ್ತದೆ. ಇನ್ನೊಂದು 20 ಏರಿದರೆ ಮತ್ತೆ ಇಮ್ಮಡಿ. ತಿರುಗಿಸಿ ನೋಡಿದರೆ ಇದೇ ಲೆಕ್ಕ ಧೈರ್ಯವನ್ನೂ ಕೊಡುತ್ತದೆ. ಔಷಧಿಯಿಂದ ಮೇಲಿನ ಅಂಕಿಯನ್ನು ಬರೀ 10 ಇಳಿಸಿದರೂ ಪಾರ್ಶ್ವವಾಯುವಿನ ಸಂಭವ ಕಾಲುಭಾಗಕ್ಕಿಂತ ತುಸು ಹೆಚ್ಚೇ ತಗ್ಗುತ್ತದೆ. ಇಷ್ಟು ಸುಲಭವಾಗಿ, ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಜೀವ ಉಳಿಸುವ ದಾರಿಗಳು ವೈದ್ಯಶಾಸ್ತ್ರದಲ್ಲಿ ಬಹಳ ಇಲ್ಲ.

ಯಾರಿಗಿದೆ ಇದು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ದೇಶವ್ಯಾಪಿ ಅಧ್ಯಯನದ ಪ್ರಕಾರ, 2023ರಲ್ಲಿ ಪ್ರಕಟವಾದ ಅಂಕಿ, ನಮ್ಮ ವಯಸ್ಕರಲ್ಲಿ ನೂರಕ್ಕೆ 35 ಜನರಿಗೆ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಮದುವೆ ಊಟದ ಪಂಕ್ತಿಯಲ್ಲಿ ನಿಮ್ಮ ಎಡಕ್ಕೆ, ಬಲಕ್ಕೆ ನೋಡಿ. ಅವರಿಬ್ಬರಿಗೂ ಇಲ್ಲದಿದ್ದರೆ ನಿಮಗೇ ಇರಬಹುದು. ಜಗತ್ತಿನ ಲೆಕ್ಕ ತೆಗೆದರೆ ಬಿಪಿ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅದು ಗೊತ್ತೇ ಇಲ್ಲ. ಗೊತ್ತಿದ್ದು, ಮಾತ್ರೆ ತೆಗೆದುಕೊಂಡು, ಹಿಡಿತದಲ್ಲಿ ಇಟ್ಟುಕೊಂಡವರು ಐವರಲ್ಲಿ ಒಬ್ಬರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಹಿಂದೆ ಹಿಡಿತದಲ್ಲಿ ಇಟ್ಟುಕೊಳ್ಳೋಣವೆಂದರೂ ಮದ್ದೇ ಇರಲಿಲ್ಲ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಜಗತ್ತಿನ ಭೂಪಟವನ್ನೇ ಮುಂದಿಟ್ಟುಕೊಂಡು ಕುಳಿತಿದ್ದ ಮನುಷ್ಯ. 1944ರ ಮಾರ್ಚಿನಲ್ಲಿ ಹೃದಯತಜ್ಞ ಹೊವರ್ಡ್ ಬ್ರೂಯನ್ ಪರೀಕ್ಷಿಸಿದಾಗ ಅವರ ಬಿಪಿ 186/108 ಇತ್ತು. ಉಪ್ಪು ಕಡಿಮೆ ಮಾಡಿ, ವಿಶ್ರಾಂತಿ ತೆಗೆದುಕೊಳ್ಳಿ, ಸಿಗರೇಟು ಇಳಿಸಿ ಎಂದು ಹೇಳುವುದರ ಜೊತೆಗೆ ಆ ಕಾಲದ ವೈದ್ಯರ ಕೈಯಲ್ಲಿ ಇದ್ದದ್ದು ಅಷ್ಟಕ್ಕಷ್ಟೆ. 1945ರ ಏಪ್ರಿಲ್ 12ರಂದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ, ಚಿತ್ರಗಾರ್ತಿಯೊಬ್ಬಳು ಅವರ ಚಿತ್ರ ಬರೆಯುತ್ತಿದ್ದಾಗ, ತಲೆಯ ಹಿಂಭಾಗ ವಿಪರೀತ ನೋಯುತ್ತಿದೆ ಎಂದು ಕುಸಿದರು. ಆಗ ಅಳೆದ ಬಿಪಿ 300/190. ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ವಯಸ್ಸು 63. ಜಗತ್ತಿನ ಅತ್ಯಂತ ಬಲಾಢ್ಯ ರಾಷ್ಟ್ರದ ಅಧ್ಯಕ್ಷನಿಗೆ ಆವತ್ತು ಸಿಗದಿದ್ದ ಮದ್ದು ಇವತ್ತು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಕಿಟಕಿಯಲ್ಲಿ ಪುಕ್ಕಟೆ ಸಿಗುತ್ತದೆ. ಜನೌಷಧಿ ಅಂಗಡಿಯಲ್ಲಿ ಕೊಂಡರೆ ಅಮ್ಲೋಡಿಪಿನ್ ಮಾತ್ರೆಯೊಂದಕ್ಕೆ ಬೀಳುವುದು ಒಂದು ರೂಪಾಯಿಯ ಆಸುಪಾಸು. ಅದನ್ನು ನಾವು ಸೀರೆಯ ಕಪಾಟಿನಲ್ಲಿ, ಫ್ರಿಜ್ಜಿನ ಮೇಲೆ, ದೇವರ ಮನೆಯ ಗೂಡಿನಲ್ಲಿ ಧೂಳು ತಿನ್ನಲು ಬಿಟ್ಟಿದ್ದೇವೆ.

ಇಂಗ್ಲಿಷ್ ಮದ್ದು ಉಷ್ಣ, ದೇಹಕ್ಕೆ ಒಗ್ಗುವುದಿಲ್ಲ ಎನ್ನುವವರಿಗೆ ಒಂದು ವಿಷಯ ಹೇಳಬೇಕು. ಬಿಪಿ ಇಳಿಸುವ ಮೊದಮೊದಲ ಆಧುನಿಕ ಔಷಧಿಗಳಲ್ಲಿ ಒಂದು ಹುಟ್ಟಿದ್ದು ನಮ್ಮ ಸರ್ಪಗಂಧದ ಬೇರಿನಿಂದ. ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ ತಮ್ಮ ರೋಗಿಗಳ ಮೇಲೆ ಅದರ ಪರಿಣಾಮವನ್ನು ಅಳೆದು, ಬರೆದಿಟ್ಟು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಆಮೇಲೆ ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು, ಜಗತ್ತೇ ಅದನ್ನು ಬಳಸಿತು. ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಮನಸ್ಸು ಕುಗ್ಗುವಂಥ ತೊಂದರೆಗಳು ಕಂಡಿದ್ದರಿಂದ, ಅದಕ್ಕಿಂತ ಒಳ್ಳೆಯವು ಬಂದದ್ದರಿಂದ, ಅದು ಹಿಂದೆ ಸರಿಯಿತು. ವಕೀಲರು ಗೌರವಿಸಿದ್ದು ಬೇರನ್ನೂ ಹೌದು, ಅಳತೆಯನ್ನೂ ಹೌದು. ನಾಟಿ ಮದ್ದಿನ ಹೆಸರಿನಲ್ಲಿ ಅಳತೆಯನ್ನೇ ಬಿಟ್ಟವರು ನಾವು. ನುಗ್ಗೆಸೊಪ್ಪಿನ ಪಲ್ಯ ಮಾಡಿ, ಬೆಳ್ಳುಳ್ಳಿ ತಿನ್ನಿ, ದಾಸವಾಳದ ಕಷಾಯ ಕುಡಿಯಿರಿ, ಬೇಡವೆನ್ನುವುದಿಲ್ಲ. ಮಾತ್ರೆಯ ಜೊತೆಗೆ ಮಾಡಿ, ಮಾತ್ರೆಯ ಬದಲಿಗೆ ಬೇಡ. ಸರ್ಪಗಂಧದ ಬೇರನ್ನು ಮಾತ್ರ ನೀವೇ ಅರೆದು ಕುಡಿಯಬೇಡಿ.

ಈಗ ನಾನು ಬಹಳ ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬಂದೆ. ಬಿಪಿ ಇದೆಯೆಂದು ಗೊತ್ತಾಗಿ, ಮಾತ್ರೆ ಶುರುಮಾಡಿ, ಮೂರು ತಿಂಗಳಿಗೆ ಬಿಟ್ಟವರು. ಯಾವ ಬೀದಿಯಲ್ಲೂ ಇಂಥವರು ಸಿಗುತ್ತಾರೆ, ಮಾತು ಒಂದೇ: 'ನೋಡಿಸಿದೆ ಕಣ್ರೀ, ನಾರ್ಮಲ್ ಬಂತು, ಇನ್ಯಾಕೆ ಅಂತ ಬಿಟ್ಟೆ.' ನಾರ್ಮಲ್ ಬಂದದ್ದು ಮಾತ್ರೆಯಿಂದ. ಈ ವರ್ಷ ತೋಟಕ್ಕೆ ದನ ನುಗ್ಗಲಿಲ್ಲವಲ್ಲ ಎಂದು ಬೇಲಿ ಕಿತ್ತುಹಾಕಿದ ಹಾಗಾಯಿತು ಇದು. ಬಿಟ್ಟ ಮೇಲೆ ಏನೂ ಆಗುವುದಿಲ್ಲ, ಅದೇ ಮೋಸ. ತಲೆ ಸುತ್ತುವುದಿಲ್ಲ, ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಅಂಕಿ ಮಾತ್ರ ಸದ್ದಿಲ್ಲದೆ ಮೇಲಕ್ಕೆ ಹತ್ತುತ್ತಿರುತ್ತದೆ.

ಒಮ್ಮೆ ಶುರುಮಾಡಿದರೆ ಸಾಯುವ ತನಕ ತಿನ್ನಬೇಕು, ಅಭ್ಯಾಸವಾಗಿಬಿಡುತ್ತದೆ ಎಂಬ ಹೆದರಿಕೆ ಇನ್ನೊಂದು. ಇದನ್ನು ಹಗುರವಾಗಿ ತಳ್ಳಿಹಾಕಲಾರೆ. ಕಾಯಿಲೆಯೆಂದರೆ ಬಂದು ಹೋಗುವಂಥದ್ದು, ಮದ್ದೆಂದರೆ ಮೂರು ದಿನದ್ದು ಎಂದು ತಲೆತಲಾಂತರದಿಂದ ತಿಳಿದ ಮನಸ್ಸಿಗೆ 'ಜೀವನಪೂರ್ತಿ' ಎಂದರೆ ಶಿಕ್ಷೆ ಕೊಟ್ಟ ಹಾಗೆ ಕೇಳಿಸುತ್ತದೆ. ಆದರೆ ಬಿಪಿ ಮಾತ್ರೆ ಚಟ ಹಿಡಿಸುವ ವಸ್ತುವಲ್ಲ. ತೂಕ ಇಳಿಸಿ, ಉಪ್ಪು ತಗ್ಗಿಸಿ, ದಿನಾ ಅರ್ಧ ಗಂಟೆ ಬಿರುಸಾಗಿ ನಡೆದು, ಕುಡಿತ ಬಿಟ್ಟ ಕೆಲವರಿಗೆ ವೈದ್ಯರೇ ಪ್ರಮಾಣ ಇಳಿಸುವುದುಂಟು. ಹಾಗೆ ಇಳಿಸಬೇಕಾದವರು ವೈದ್ಯರು, ಪಕ್ಕದ ಮನೆಯವರಲ್ಲ. ಇನ್ನು, ಮಾತ್ರೆ ಒಗ್ಗದಿದ್ದರೆ? ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದುತ್ತದೆ. ಎನಾಲಾಪ್ರಿಲ್, ರ್‍ಯಾಮಿಪ್ರಿಲ್ ಗುಂಪಿನವು ಕೆಲವರಿಗೆ ಒಣಕೆಮ್ಮು ತರುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆಯಿಂದ ರಾತ್ರಿ ನಾಲ್ಕು ಸಲ ಏಳಬೇಕಾದರೆ ಅದನ್ನು ಬೆಳಗ್ಗೆ ತೆಗೆದುಕೊಳ್ಳುವ ದಾರಿ ಇದೆ. ಇವೆಲ್ಲ ನಿಜವಾದ ತೊಂದರೆಗಳು, ನಿಮ್ಮ ಭ್ರಮೆಯಲ್ಲ. ಹೋಗಿ ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ, ಐದಾರು ಬಗೆ ಇವೆ. ಹೇಳದೆ ಬಿಟ್ಟುಬಿಟ್ಟವರ ಕಥೆಯೇ ಮುಂದೆ ಆಸ್ಪತ್ರೆಯ ಕಾಗದದಲ್ಲಿ 'ಚಿಕಿತ್ಸೆ ಅರ್ಧಕ್ಕೆ ನಿಲ್ಲಿಸಿದ್ದರು' ಎಂಬ ಒಂದು ಸಾಲಾಗುತ್ತದೆ.

ಇಲ್ಲಿಯವರೆಗೆ ಓದಿದ ನಿಮ್ಮನ್ನು ನೇರವಾಗಿಯೇ ಕೇಳುತ್ತೇನೆ. ನಿಮ್ಮ ಅಮ್ಮನ ಬಿಪಿ ಎಷ್ಟು?

ಅಪ್ಪನದು ಗೊತ್ತಿರಬಹುದು. ಅಪ್ಪ ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ ಹೋದವರು, ದಾರಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಕುಳಿತು ನೋಡಿಸಿಕೊಂಡು ಬಂದಿರುತ್ತಾರೆ. ಅಮ್ಮ ಡಾಕ್ಟರ ಮುಂದೆ ಕುಳಿತಿದ್ದರೆ ಅದು ಅಪ್ಪನ ಜೊತೆಗೆ, ಮೊಮ್ಮಗುವಿನ ಜೊತೆಗೆ. ಪರೀಕ್ಷೆಯ ಕುರ್ಚಿಯಲ್ಲಿ ಅಲ್ಲ, ಪಕ್ಕದ ಸ್ಟೂಲಿನಲ್ಲಿ, ಚೀಲ ಹಿಡಿದುಕೊಂಡು. ಮನೆಯವರಿಗೆಲ್ಲ ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಅವಳಿಗೆ ಬಾಯಿಪಾಠ. ತನ್ನದು ಮುಗಿದು ಹದಿನೈದು ದಿನವಾದರೂ ಹೇಳುವುದಿಲ್ಲ, ಮಗನಿಗೆ ಖರ್ಚು ಎಂದು. 'ನನಗೇನಾಗಿದೆ, ಗಟ್ಟಿಯಾಗಿದ್ದೀನಿ' ಎನ್ನುತ್ತಾಳೆ. ನಾವು ಆ ಮಾತನ್ನು ನಂಬುತ್ತೇವೆ, ಏಕೆಂದರೆ ನಂಬಿದರೆ ನಮಗೆ ಅನುಕೂಲ. ಅವಳು ಒಂದು ದಿನ ಒಲೆಯ ಮುಂದೆ ಕುಸಿದು, ಬಲಗೈ ಎತ್ತಲಾರದೆ ಹೋದಾಗ, 'ಒಂದು ದಿನಾನೂ ಮಲಗಿದವಳಲ್ಲ' ಎಂದು ಅತ್ತುಕೊಂಡು ಹೇಳುತ್ತೇವೆ. ಮಲಗಲಿಲ್ಲ ನಿಜ. ನಾವು ಕೇಳಲಿಲ್ಲ ಎಂಬುದೂ ನಿಜ.

ನಮ್ಮ ಊರುಗಳಲ್ಲಿ ಹಾಲಿನ ಡೈರಿ ಬೆಳಗ್ಗೆ, ಸಂಜೆ ಎರಡು ಹೊತ್ತು ತೆರೆಯುತ್ತದೆ. ಕ್ಯಾನು ಹಿಡಿದು ನಿಂತವರಲ್ಲಿ ಹೆಂಗಸರೇ ಹೆಚ್ಚು. ಹಾಲಿನ ಫ್ಯಾಟ್ ಎಷ್ಟು ಎಂದು ಎರಡೂ ಹೊತ್ತು ಅಳೆದು ಪುಸ್ತಕದಲ್ಲಿ ಬರೆಯುತ್ತಾರೆ. ಹಸುವಿಗೆ ಕಾಲುಬಾಯಿ ಲಸಿಕೆ ಹಾಕಿಸಿದ ಲೆಕ್ಕವೂ ಇರುತ್ತದೆ. ಹಾಲು ಕರೆದು ತಂದವಳ ಬಿಪಿಯನ್ನು ಬರೆಯುವ ಕಾಲಂ ಯಾವ ಪುಸ್ತಕದಲ್ಲೂ ಇಲ್ಲ. ಸಹಕಾರ ಸಂಘದ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಒಂದು ಒಳ್ಳೆಯ ಡಿಜಿಟಲ್ ಯಂತ್ರಕ್ಕೆ ಎರಡು ಮೂರು ಸಾವಿರ ರೂಪಾಯಿ. ವಾರ್ಷಿಕ ಮಹಾಸಭೆಯ ಹಾರ ತುರಾಯಿಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಡೈರಿಯ ಮೂಲೆಯಲ್ಲಿ ಒಂದು ಕುರ್ಚಿ, ಒಂದು ಮೇಜು ಹಾಕಿಸಿ. ವಾರಕ್ಕೊಮ್ಮೆ ಸಮುದಾಯ ಆರೋಗ್ಯ ಅಧಿಕಾರಿಯನ್ನು ಕರೆಸಿ. ಸ್ತ್ರೀಶಕ್ತಿ ಸಂಘದ ಅಕ್ಕಂದಿರೇ, ಸಾಲದ ಕಂತು ಬರೆಯುವ ನಿಮ್ಮ ಪುಸ್ತಕದ ಕೊನೆಯ ಪುಟ ಖಾಲಿ ಇದೆ, ಅದರಲ್ಲಿ ಒಬ್ಬೊಬ್ಬರ ಅಂಕಿ ಬರೆದಿಡಿ.

ಬಸುರಿಯರ ಮಾತು ಬೇರೆಯೇ ಹೇಳಬೇಕು. ತಾಯಿ ಕಾರ್ಡಿನಲ್ಲಿ ಬಿಪಿ ಬರೆಯುವ ಜಾಗ ಸುಮ್ಮನೆ ಇಟ್ಟದ್ದಲ್ಲ. ಐದು ತಿಂಗಳು ದಾಟಿದ ಮೇಲೆ ಏರುವ ಬಿಪಿ ಫಿಟ್ಸ್ ತಂದು ತಾಯಿ, ಮಗು ಇಬ್ಬರನ್ನೂ ಕೊಂಡೊಯ್ಯಬಲ್ಲದು. ಮುಖ, ಕೈ ಊದಿಕೊಂಡರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಎದೆಗುಂಡಿಗೆಯ ಕೆಳಗೆ ನೋವು ಬಂದರೆ, ಬಸುರಿಯೆಂದರೆ ಇವೆಲ್ಲ ಇದ್ದದ್ದೇ ಎಂದು ಅತ್ತೆಯೂ ಹೇಳಬಾರದು, ತಾಯಿಯೂ ಹೇಳಬಾರದು. ಅದೇ ದಿನ ಆಸ್ಪತ್ರೆ. ಮೊದಲೇ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಬಸುರಾದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಕೆಲವು ಮಾತ್ರೆಗಳು ಹೊಟ್ಟೆಯೊಳಗಿನ ಮಗುವಿಗೆ ಆಗಿಬರುವುದಿಲ್ಲ, ಬದಲಿಸಿ ಕೊಡುತ್ತಾರೆ.

ಊರು ಬಿಟ್ಟು ಹೋದ ಮಕ್ಕಳಿಗೂ ಒಂದು ಮಾತಿದೆ. ಬೆಂಗಳೂರಿನಿಂದ, ದುಬೈಯಿಂದ, ಡಲ್ಲಾಸಿನಿಂದ ಭಾನುವಾರದ ಫೋನಿನಲ್ಲಿ ಊಟ ಆಯ್ತಾ, ಮಳೆ ಆಯ್ತಾ ಎಂದು ಕೇಳುತ್ತೀರಿ. ಅದರ ಜೊತೆಗೆ ಇನ್ನೊಂದು ಕೇಳಿ: ಈ ವಾರ ನೋಡಿಸಿದ್ದು ಎಷ್ಟು ಬಂತು, ಮಾತ್ರೆ ಇನ್ನು ಎಷ್ಟು ಉಳಿದಿದೆ. ಮಸಾಜ್ ಕುರ್ಚಿ, ವಿಟಮಿನ್ ಡಬ್ಬಿ ಕಳಿಸುವ ಬದಲು ತೋಳಿಗೆ ಕಟ್ಟುವ ಯಂತ್ರ ಕಳಿಸಿ, ಮಣಿಕಟ್ಟಿಗೆ ಕಟ್ಟುವುದು ಬೇಡ, ಅದರ ಲೆಕ್ಕ ಸುಲಭವಾಗಿ ತಪ್ಪುತ್ತದೆ. ಅಳೆಯುವ ಕ್ರಮವನ್ನೂ ವೀಡಿಯೊ ಕಾಲ್‌ನಲ್ಲಿ ತೋರಿಸಿಕೊಡಿ. ಕಾಫಿ ಕುಡಿದು, ಬೀಡಿ ಸೇದಿ ಅರ್ಧ ಗಂಟೆಯಾದರೂ ಆಗಿರಬೇಕು. ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಆಸರೆ ಕೊಟ್ಟು, ಕಾಲು ಮಡಚದೆ ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರಬೇಕು. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿ ಬಟ್ಟೆಯ ಮೇಲಲ್ಲ, ಬರಿ ತೋಳಿನ ಮೇಲೆ. ಅಳೆಯುವಾಗ ಮಾತು ಬೇಡ, ಇದು ನಮ್ಮವರಿಗೆ ಬಲು ಕಷ್ಟದ ಷರತ್ತು. ಒಂದೆರಡು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆದು ಎರಡನ್ನೂ ಬರೆದಿಡಬೇಕು.

ಉಪ್ಪಿನ ಬಗ್ಗೆ ಉಪದೇಶ ಕೇಳಿ ಕೇಳಿ ನಿಮಗೂ ಸಾಕಾಗಿದೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಚಹಾ ಚಮಚ, ಅದರೊಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಹೆಚ್ಚುಕಡಿಮೆ ಅದರ ಎರಡರಷ್ಟು ತಿನ್ನುತ್ತೇವೆ. ಸಾರಿಗೆ ಹಾಕುವ ಚಿಟಿಕೆಯಲ್ಲಿ ಜಗಳವಾಡುವುದಕ್ಕಿಂತ ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಬೇಕರಿಯ ಖಾರಾ ಬನ್ನು, ಚಿಪ್ಸು ಇವುಗಳ ಕಡೆ ನೋಡುವುದು ಒಳ್ಳೆಯದು. ಮಿಡಿ ಉಪ್ಪಿನಕಾಯಿಯನ್ನು ಪೂರಾ ಬಿಡಿ ಎನ್ನಲು ನನಗೂ ಬಾಯಿ ಬರುವುದಿಲ್ಲ. ದಿನದ್ದು ವಾರಕ್ಕೊಮ್ಮೆಯಾಗಲಿ.

ಇಷ್ಟಾದರೂ ಒಂದು ದಿನ ಲಕ್ವ ಹೊಡೆದರೆ ಏನು ಮಾಡಬೇಕು ಎಂಬುದನ್ನು ಪ್ರತಿ ಮನೆಯೂ ತಿಳಿದಿರಬೇಕು. ಬಾಯಿ ಒಂದು ಕಡೆಗೆ ವಾಲಿತು, ಎರಡು ಕೈ ಎತ್ತಿಸಿದರೆ ಒಂದು ಜಾರಿತು, ಮಾತು ತೊದಲಿತು. ಇವುಗಳಲ್ಲಿ ಒಂದು ಕಂಡರೂ ಸಾಕು. ನೋಡಬೇಕಾದದ್ದು ಗಡಿಯಾರ, ಕರೆಯಬೇಕಾದದ್ದು 108. ಮಿದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ಕೆಲಸ ಮಾಡುವುದು, ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ, ಅದೂ ಸಿಟಿ ಸ್ಕ್ಯಾನ್ ಮಾಡಿ ರಕ್ತಸ್ರಾವವಲ್ಲ ಎಂದು ಖಾತ್ರಿಯಾದ ಮೇಲೆ. ಬೇಗ ಕೊಟ್ಟಷ್ಟೂ ಮಿದುಳು ಉಳಿಯುತ್ತದೆ. ಆ ನಾಲ್ಕೂವರೆ ಗಂಟೆಯನ್ನು ನಾವು ಹೇಗೆ ಕಳೆಯುತ್ತೇವೆ? ಮೊದಲು ನೀರು ಕುಡಿಸುತ್ತೇವೆ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಮೇಲೆ ಪಾರಿವಾಳದ ರಕ್ತ ಹಚ್ಚುವವರ ವಿಳಾಸ ಹುಡುಕುತ್ತೇವೆ. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತೇವೆ. ಮಾರನೇ ದಿನ ದೊಡ್ಡಾಸ್ಪತ್ರೆಗೆ ಒಯ್ದಾಗ ವೈದ್ಯರು ಎಷ್ಟು ಗಂಟೆಗಾಯಿತು ಎಂದು ಕೇಳುತ್ತಾರೆ, ನಾವು 'ನಿನ್ನೆ' ಎನ್ನುತ್ತೇವೆ. ಪಾರಿವಾಳದ ರಕ್ತ ಚರ್ಮ ದಾಟಿ ಮಿದುಳಿಗೆ ಹೋಗುವುದಿಲ್ಲ. ಅದನ್ನು ಮಾಡುವವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಅವರ ಮನೆ ಬಾಗಿಲಲ್ಲಿ ಕಳೆದ ಹೊತ್ತು ಮತ್ತೆ ಬರುವುದಿಲ್ಲ ಎನ್ನುತ್ತಿದ್ದೇನೆ. ಅಂಥ ಹಿರಿಯರಿಗೂ ನನ್ನದು ಒಂದು ಬಿನ್ನಹ: ನಿಮ್ಮ ಬಾಗಿಲಿಗೆ ಬಂದವರನ್ನು 'ಮೊದಲು ಆಸ್ಪತ್ರೆಗೆ ನಡೀರಿ' ಎಂದು ನೀವೇ ಕಳಿಸಿದರೆ, ಆ ಮಾತಿಗೆ ಊರಿನಲ್ಲಿ ಇರುವ ತೂಕ ಯಾವ ಜಾಹೀರಾತಿಗೂ ಇಲ್ಲ.

ವೈದ್ಯರೇ, ನಿಮ್ಮ ಮುಂದೆ ದಿನಕ್ಕೆ ನೂರು ಜನ ನಿಲ್ಲುತ್ತಾರೆ, ಬಲ್ಲೆ. ಆದರೂ ಮಾತ್ರೆ ಬರೆಯುವಾಗ ಎರಡು ಮಾತು ಹೇಳಿ: ಇದನ್ನು ಏಕೆ ಬಿಡಬಾರದು, ತೊಂದರೆಯಾದರೆ ಏನು ಮಾಡಬೇಕು. ಆ ಎರಡು ಮಾತು ಇಲ್ಲದ ಚೀಟಿ ಮೂರನೇ ತಿಂಗಳಿಗೆ ಕಸಕ್ಕೆ ಹೋಗುತ್ತದೆ. ಕಾಲುನೋವಿಗೆ ಬಂದ ಅಜ್ಜಿಗೆ ಸೂಜಿ ಚುಚ್ಚುವ ಮೊದಲು ತೋಳಿಗೆ ಪಟ್ಟಿ ಕಟ್ಟಿ. ಔಷಧಿ ಅಂಗಡಿಯವರೇ, ಮಂಡಿನೋವಿಗೆ ದಿನಾ ಬಂದು ನೋವಿನ ಮಾತ್ರೆ ಒಯ್ಯುವವರು ಯಾರು ಎಂದು ನಿಮಗೆ ಮುಖ ನೋಡಿದರೇ ಗೊತ್ತು. ಆ ಮಾತ್ರೆಗಳು ಬಿಪಿಯನ್ನು ಏರಿಸುತ್ತವೆ, ಮೂತ್ರಪಿಂಡವನ್ನು ಕೆಡಿಸುತ್ತವೆ. ಮಾರುವ ಮುಂಚೆ ಒಮ್ಮೆ ಕೇಳಿ. ಡಯಾಲಿಸಿಸ್ ಕೊಠಡಿಯಲ್ಲಿ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ ಮಲಗಿರುವವರ ಹಿನ್ನೆಲೆ ವಿಚಾರಿಸಿದರೆ ಶುಗರ್ ಮತ್ತು ಬಿಪಿಯ ಹೆಸರೇ ಮತ್ತೆ ಮತ್ತೆ ಬರುತ್ತದೆ.

ಸರ್ಕಾರಕ್ಕೆ ಯೋಜನೆಗಳ ಕೊರತೆಯಿಲ್ಲ. ಮೂವತ್ತು ದಾಟಿದವರನ್ನೆಲ್ಲ ಪರೀಕ್ಷಿಸುವ ಕಾರ್ಯಕ್ರಮ ಇದೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ನಗರಗಳಲ್ಲಿ ನಮ್ಮ ಕ್ಲಿನಿಕ್ ಇದೆ. ಎದೆನೋವು ಬಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ನೋಡಿ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಹೃದಯ ಜ್ಯೋತಿ ಯೋಜನೆಗೆ ಪುನೀತ್ ಅವರ ಹೆಸರೇ ಇದೆ. ಒಳ್ಳೆಯ ಕೆಲಸ, ಹೊಗಳಬೇಕು. ಆದರೆ ಯೋಜನೆ ಸೋಲುವುದು ವಿಧಾನಸೌಧದಲ್ಲಲ್ಲ, ಆರೋಗ್ಯ ಕೇಂದ್ರದ ಕಿಟಕಿಯಲ್ಲಿ. ಕೂಲಿಗೆ ಹೋಗುವ ಹೆಂಗಸು ಅರ್ಧ ದಿನದ ಸಂಬಳ ಬಿಟ್ಟು, ಬಸ್ಸಿಗೆ ಕಾದು ಬಂದಾಗ 'ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ' ಎಂದರೆ ಅವಳು ಮುಂದಿನ ವಾರ ಬರುವುದಿಲ್ಲ. ಹತ್ತು ದಿನದ ಮಾತ್ರೆ ಕೊಟ್ಟು ಕಳಿಸಿದರೆ ಹನ್ನೊಂದನೇ ದಿನಕ್ಕೆ ಅವಳ ಚಿಕಿತ್ಸೆ ಮುಗಿಯಿತು. ಆರೋಗ್ಯ ಸಚಿವರೇ, ಜಿಲ್ಲಾ ಆರೋಗ್ಯಾಧಿಕಾರಿಗಳೇ, ಎಷ್ಟು ಜನರನ್ನು ಪರೀಕ್ಷಿಸಿದೆವು ಎಂಬ ಅಂಕಿಯನ್ನು ನಮಗೆ ಓದಿ ಹೇಳಬೇಡಿ. ಎಷ್ಟು ಜನರ ಬಿಪಿ ವರ್ಷದ ಕೊನೆಗೆ 140/90ಕ್ಕಿಂತ ಕೆಳಗಿದೆ, ಆ ಅಂಕಿಯನ್ನು ತಾಲ್ಲೂಕುವಾರು ಗೋಡೆಗೆ ಅಂಟಿಸಿ. ಸ್ಥಿರವಾಗಿರುವ ರೋಗಿಗೆ ಒಂದೇ ಸಲಕ್ಕೆ ಎರಡು ಮೂರು ತಿಂಗಳ ಮಾತ್ರೆ ಕೊಡಿ. ಭಾನುವಾರ ಸಂತೆ ನಡೆಯುವ ಊರಿನಲ್ಲಿ ಭಾನುವಾರವೇ ಕಿಟಕಿ ತೆರೆದಿರಲಿ.

ಮೂವತ್ತರ, ನಲವತ್ತರ ಹುಡುಗರು ಇದು ನಮ್ಮ ಕಾಲದ ಮಾತಲ್ಲ ಎಂದು ಪುಟ ತಿರುವಿರಬಹುದು. ನಲವತ್ತರೊಳಗೇ ಹೃದಯಾಘಾತಕ್ಕೆ ಸಿಕ್ಕಿದವರ ಬಗ್ಗೆ ಪ್ರತ್ಯೇಕ ದಾಖಲೆ ಇಡುವ ಕೆಲಸವನ್ನು ಜಯದೇವ ಸಂಸ್ಥೆ 2017ರಲ್ಲೇ ಶುರುಮಾಡಬೇಕಾಯಿತು. ಅದರಲ್ಲಿ ಹೆಸರು ಬರೆಸಿದವರೆಲ್ಲ ನಿಮ್ಮ ಹಾಗೆಯೇ ಇನ್ನೂ ಟೈಮಿದೆ ಅಂದುಕೊಂಡಿದ್ದವರು. ರಾತ್ರಿ ಪಾಳಿಯವರು, ಕ್ಯಾಬ್ ಓಡಿಸುವವರು, ಲಾರಿಯವರು, ಡೆಲಿವರಿಗೆ ಓಡುವವರು ಸಾಮಾನ್ಯವಾಗಿ ಆಸ್ಪತ್ರೆಯ ಹೊತ್ತಿನಲ್ಲಿ ಬಿಡುವಾಗಿರುವುದಿಲ್ಲ. ಅವರನ್ನು ಕೆಲಸಕ್ಕೆ ಇಟ್ಟುಕೊಂಡವರು ವಾಹನದ ಸರ್ವಿಸಿಂಗಿಗೆ ದಿನ ಗೊತ್ತುಮಾಡುತ್ತಾರೆ. ಓಡಿಸುವವರಿಗೂ ವರ್ಷಕ್ಕೊಂದು ದಿನ ಗೊತ್ತುಮಾಡಲಿ, ಸಂಬಳ ಕತ್ತರಿಸದೆ.

ನಾಡಿದ್ದು ಟೀವಿಯಲ್ಲಿ ಇನ್ನೊಂದು ಸಾವಿನ ಸುದ್ದಿ ಬರುವ ತನಕ ಕಾಯಬೇಡಿ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಆರೋಗ್ಯ ಕೇಂದ್ರದ ಬಾಗಿಲು ತೆರೆಯುತ್ತದೆ. ಅಮ್ಮನನ್ನು, ಅತ್ತೆಯನ್ನು, ಮನೆಗೆಲಸಕ್ಕೆ ಬರುವ ಅಕ್ಕನನ್ನು ಕರೆದುಕೊಂಡು ಹೋಗಿ. ಅವರನ್ನು ಕುರ್ಚಿಯಲ್ಲಿ ಕೂರಿಸಿ, ಚೀಲ ನೀವು ಹಿಡಿದುಕೊಳ್ಳಿ. ಬಂದ ಅಂಕಿಯನ್ನು ಬರೆದುಕೊಳ್ಳಿ. ಹೊರಡುವ ಮುಂಚೆ ನಿಮ್ಮ ತೋಳನ್ನೂ ಚಾಚಿ.